ನೂರಕ್ಕೆ ನೂರು ತೆಗೆದ ಕಾರು

ಕಾರು ಕೊಳ್ಳುವವರಿಗಿಂತ ಕಾರಿಗೆ ಅಂಕ ಕೊಡುವವರ ಪಂಗಡ ಯಾವಾಗಲೂ ದೊಡ್ಡದು. ಅಲ್ಲಿ ಸೇರಲು ದುಡ್ಡು ಬೇಕಿಲ್ಲ, ಅಭಿಪ್ರಾಯವೊಂದಿದ್ದರೆ ಸಾಕು. ನಾನು ಆ ಪಂಗಡದ ಹಳೆಯ ಸದಸ್ಯ. ನಿಸ್ಸಾನ್ ಜಿಟಿ-ಆರ್‌ನ ಸ್ಟೀರಿಂಗ್ ಮುಟ್ಟಿದವನಲ್ಲ. ಆದರೂ ಅದರ ಗುಣದೋಷ ವಿಚಾರಿಸಿದರೆ ಊಟದ ಹೊತ್ತು ಮೀರಿಸಬಲ್ಲೆ.

ಈ ಕಾರಿನ ಮನೆತನವೇ ಸ್ವಾರಸ್ಯದ್ದು. 1989ರಿಂದ 2004ರವರೆಗೆ ಜಪಾನಿನ ಕಾರು ಕಂಪನಿಗಳ ನಡುವೆ ಒಂದು ಸಜ್ಜನರ ಒಪ್ಪಂದವಿತ್ತು: ತಮ್ಮ ದೇಶದಲ್ಲಿ ಮಾರುವ ಯಾವ ಕಾರಿಗೂ 280ಕ್ಕಿಂತ ಹೆಚ್ಚು ಅಶ್ವಶಕ್ತಿ ಇದೆಯೆಂದು ಹೇಳಿಕೊಳ್ಳಬಾರದು. ಇರಬಾರದು ಎಂದಲ್ಲ, ಹೇಳಬಾರದು ಅಷ್ಟೆ. ಹಾಗಾಗಿ ಇದರ ಹಿಂದಿನ ಪೀಳಿಗೆಯ ಸ್ಕೈಲೈನ್ ಜಿಟಿ-ಆರ್, ಅದರ ಓರಗೆಯ ಕಾರುಗಳಾದ ಸುಪ್ರಾ, ಎನ್‌ಎಸ್‌ಎಕ್ಸ್ ಎಲ್ಲವೂ ಕಾಗದದ ಮೇಲೆ ವಿನಯದಿಂದ 280ಕ್ಕೆ ಬಂದು ನಿಂತವು. ರಸ್ತೆಯಲ್ಲಿ ಆ ವಿನಯ ಅಷ್ಟಾಗಿ ಕಾಣುತ್ತಿರಲಿಲ್ಲ.

2007ರಲ್ಲಿ ಬಂದ ಹೊಸ ಜಿಟಿ-ಆರ್‌ಗೆ ಇಂಥ ಸಂಕೋಚ ಉಳಿದಿರಲಿಲ್ಲ. 3.8 ಲೀಟರಿನ ವಿ6, ಎರಡು ಟರ್ಬೊ, 480 ಅಶ್ವಶಕ್ತಿ. ತೂಕ ಸಮವಾಗಿ ಹಂಚಿಹೋಗಲೆಂದು ಗೇರ್‌ಬಾಕ್ಸನ್ನು ಹಿಂದಕ್ಕೆ ಸಾಗಿಸಿದ್ದರು. ಗ್ರಾನ್ ಟುರಿಸ್ಮೊ ವಿಡಿಯೊ ಗೇಮ್ ಮಾಡಿದವರೇ ಡ್ಯಾಶ್‌ಬೋರ್ಡಿನ ಪರದೆಯನ್ನೂ ರೂಪಿಸಿದ್ದರು. ತಿರುವಿನಲ್ಲಿ ಎಷ್ಟು ಜಿ, ಟರ್ಬೊದಲ್ಲಿ ಎಷ್ಟು ಒತ್ತಡ ಎಂದು ಕಾರು ತಾನೇ ವರದಿ ಒಪ್ಪಿಸುತ್ತಿತ್ತು. ಆದರೆ ಜಪಾನಿನ ರಸ್ತೆಯಲ್ಲಿ ಗಂಟೆಗೆ 180 ಕಿಲೋಮೀಟರಿಗೆ ಅದಕ್ಕೆ ಮೂಗುದಾರ. ರೇಸ್ ಟ್ರ್ಯಾಕಿಗೆ ಬಂದಿದ್ದೇವೆಂದು ಜಿಪಿಎಸ್ ಖಾತ್ರಿಪಡಿಸಿದ ಮೇಲಷ್ಟೇ ಅದನ್ನು ಬಿಚ್ಚಲು ಸಾಧ್ಯ.

ಈ ಕಾರಿನ ವೇಗದ ಪರೀಕ್ಷೆ ನಡೆದದ್ದು ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ, ಇಪ್ಪತ್ತು ಕಿಲೋಮೀಟರಿಗೂ ಉದ್ದದ ಹಾದಿಯಲ್ಲಿ. 2008ರಲ್ಲಿ ನಿಸ್ಸಾನ್ ಒಂದು ಸುತ್ತಿಗೆ 7 ನಿಮಿಷ 29 ಸೆಕೆಂಡು ಎಂದಿತು. ಪೋರ್ಷೆಯವರಿಗೆ ನಂಬಿಕೆ ಬರಲಿಲ್ಲ. ತಾವೇ ಒಂದು ಜಿಟಿ-ಆರ್ ಕೊಂಡು ಓಡಿಸಿ 7 ನಿಮಿಷ 54 ಸೆಕೆಂಡು ಎಂದರು. ಎದುರಾಳಿಯ ಅಂಗಡಿಗೆ ದುಡ್ಡು ಕೊಟ್ಟು ಅನುಮಾನ ಖರೀದಿಸಿದ ಗಿರಾಕಿಗಳು ಅಪರೂಪ. ಟೈರು ಯಾವುದು, ಚಾಲಕ ಯಾರು ಎಂಬ ವಾದ ಬಹಳ ದಿನ ನಡೆಯಿತು. ಗಡಿಯಾರವೂ ಸಾಕ್ಷಿ ಹೇಳಲಾಗದೆ ತಡವರಿಸುವುದುಂಟು.

ವೇಗವನ್ನು ಅಲ್ಲಗಳೆಯಲಾಗದೆ ಹೋದಾಗ ವಿಮರ್ಶಕರು ಹೊಸ ದೂರು ತೆಗೆದರು: ಇದು ಕಂಪ್ಯೂಟರು, ಇದಕ್ಕೆ ಆತ್ಮವಿಲ್ಲ. ಎಲ್ಲದರಲ್ಲೂ ನೂರಕ್ಕೆ ನೂರು ತೆಗೆವ ಹುಡುಗನ ಬಗ್ಗೆ ಉಳಿದ ಹುಡುಗರ ತಂದೆತಾಯಿ ಆಡುವ ಮಾತೂ ಇದೇ: ಓದೊಂದೇ ಸಾಲದು, ಲೋಕಜ್ಞಾನ ಬೇಕು ನೋಡಿ. ತಪ್ಪೇ ಮಾಡದವರನ್ನು ಮೆಚ್ಚುವುದು ಸುಲಭ, ಒಪ್ಪಿಕೊಳ್ಳುವುದು ಕಷ್ಟ.

ಆತ್ಮವಿಲ್ಲ ಎಂದವರು ಬಾನೆಟ್ ಎತ್ತಿ ನೋಡಬೇಕಿತ್ತು. ಯೊಕೊಹಾಮದ ಕಾರ್ಖಾನೆಯಲ್ಲಿ, ಧೂಳು ಸುಳಿಯದ ಕೋಣೆಯಲ್ಲಿ, ತಕುಮಿ ಎಂಬ ಬಿರುದಿನ ಕುಶಲಕರ್ಮಿ ಒಬ್ಬನೇ ಇಡೀ ಎಂಜಿನನ್ನು ಕೈಯಾರೆ ಜೋಡಿಸುತ್ತಿದ್ದ. ಅವನ ಹೆಸರು ಕೆತ್ತಿದ ಫಲಕ ಎಂಜಿನ್ನಿನ ಮೇಲೇ ಇರುತ್ತಿತ್ತು. ಕೆಟ್ಟರೆ ಯಾರನ್ನು ಬೈಯಬೇಕೆಂದು ಬರೆದುಕೊಟ್ಟು ಮಾರುವ ಧೈರ್ಯ ಕಂಪ್ಯೂಟರಿನದ್ದಲ್ಲ.

2025ರ ಆಗಸ್ಟಿನಲ್ಲಿ ಕೊನೆಯ ಕಾರು ತೊಚಿಗಿ ಕಾರ್ಖಾನೆಯಿಂದ ಹೊರಬಂತು. ಹದಿನೆಂಟು ವರ್ಷದಲ್ಲಿ ಸುಮಾರು 48,000 ಕಾರುಗಳು. ಇನ್ನು ನನ್ನ ಅಂಕಪಟ್ಟಿ. ಹಿಂದಿನ ಸೀಟು ಬೇಡದ ನೆಂಟರಿಗೆ ಮಾತ್ರ ಯೋಗ್ಯವಾದ್ದರಿಂದ ಎರಡು ಅಂಕ ಕಳೆಯುತ್ತೇನೆ. ಇದು ಕಾರಿನ ಒಳ್ಳೆಯದಕ್ಕೇ: ತೊಂಬತ್ತೆಂಟು ತೆಗೆದವರ ಆತ್ಮದ ತಂಟೆಗೆ ಯಾರೂ ಹೋಗುವುದಿಲ್ಲ.