ತೋಫು ಗಾಡಿಯೂ ನಮ್ಮ ಓಮ್ನಿಯೂ

ಟೋಕಿಯೋದ ಗಿಂಜಾ ಎಂಬ ದುಬಾರಿ ಪೇಟೆಯಲ್ಲಿ ನಿಸಾನ್ ಕಂಪನಿ 2016ರಲ್ಲಿ ‘ನಿಸಾನ್ ಕ್ರಾಸಿಂಗ್’ ಎಂಬ ಮಳಿಗೆ ತೆರೆಯಿತು. ಒಂದು ಕಡೆ ಕಾರು, ಇನ್ನೊಂದು ಕಡೆ ಕಾಫಿ. ಕಾಫಿಯ ನೊರೆಯ ಮೇಲೆ ಕಾರಿನ ಚಿತ್ರ ಮೂಡಿಸಿ ಕೊಡುವುದು ಅಲ್ಲಿಯ ವಿಶೇಷ. ಮೊದಲ ಗುಟುಕಿಗೆ ಬಂಪರ್ ಹೋಗುತ್ತದೆ, ಎರಡನೆಯದಕ್ಕೆ ಬಾನೆಟ್, ಇನ್ಶೂರೆನ್ಸ್‌ನವರನ್ನು ಕರೆಯಬೇಕಾಗಿಲ್ಲ. ಕಾರಿನ ಹುಚ್ಚು ಹಿಡಿದವರು ಇಂಥ ಜಾಗಗಳಿಗೆ ಹೋಗುವುದಕ್ಕೂ ನಮ್ಮವರು ಕೊಲ್ಲೂರಿಗೆ ಹೋಗುವುದಕ್ಕೂ ಹೆಚ್ಚು ಅಂತರವಿಲ್ಲ. ಪ್ರದಕ್ಷಿಣೆ ಉಂಟು, ಕೈಕಟ್ಟಿ ಮೌನವಾಗಿ ನಿಲ್ಲುವುದುಂಟು, ಪ್ರಸಾದವೂ ಉಂಟು. ಇಂಥದೊಂದು ಕಾರಿನ ಕೆಫೆ ನಮ್ಮಲ್ಲೂ ಬೇಕೆಂಬ ಆಸೆ ಬೈಂದೂರು, ಕುಂದಾಪುರ, ಬ್ರಹ್ಮಾವರದ ಹುಡುಗರಿಗೆ ಬಂದರೆ ತಪ್ಪೇನಿಲ್ಲ. ಹೆದ್ದಾರಿ ಇದೆ. ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ ಇದೆ. ನೀರು ನೋಡಿ ಬೇಸರ ಬಂದವರಿಗೆ ಸಾಸ್ತಾನದಲ್ಲೂ ಶಿರೂರಿನಲ್ಲೂ ಟೋಲ್‌ಗೇಟು ಇದೆ. ನನ್ನ ತಕರಾರು ಇರುವುದು ಅದರ ಗೋಡೆಗೆ ಯಾವ ಕಾರನ್ನು ಏರಿಸುವುದು ಎಂಬಲ್ಲಿ. ಹುಡುಗರು ಸ್ಕೈಲೈನ್ ಎನ್ನುತ್ತಾರೆ, ಸುಪ್ರಾ ಎನ್ನುತ್ತಾರೆ. ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನಲ್ಲಿ ದಿನವಿಡೀ ನಿಂತರೂ ಕಾಣಸಿಗದ ಕಾರನ್ನು ಗೋಡೆಗೆ ಅಂಟಿಸುವುದೆಂದರೆ ನೋಡದ ಊರಿನ ಅಜ್ಜನಿಗೆ ಶ್ರಾದ್ಧ ಮಾಡಿದ ಹಾಗೆ. ಈ ಮೂರು ತಾಲೂಕುಗಳ ಜಪಾನಿ ಕಾರು ಯಾವುದೆಂದು ಕೇಳಿದರೆ ಇರುವ ಉತ್ತರ ಒಂದೇ: ಮಾರುತಿ ಓಮ್ನಿ.

ಇದು ತಮಾಷೆಯಲ್ಲ, ಜಪಾನಿನವರೇ ಹಾಕಿಕೊಟ್ಟ ಪದ್ಧತಿ. ಅವರು ತಲೆಯ ಮೇಲೆ ಹೊತ್ತು ಮೆರೆಸಿದ್ದು ಸಾಹುಕಾರರ ಕಾರನ್ನಷ್ಟೇ ಅಲ್ಲ, ಕೆಲಸದ ಗಾಡಿಯನ್ನೂ. ಶುಯಿಚಿ ಶಿಗೆನೊ ಎಂಬ ಚಿತ್ರಕಾರ 1995ರಿಂದ 2013ರವರೆಗೆ ‘ಇನಿಶಿಯಲ್ ಡಿ’ ಎಂಬ ಚಿತ್ರಕಥೆಯನ್ನು ಧಾರಾವಾಹಿಯಾಗಿ ಬರೆದ. ಅದರ ನಾಯಕ ತಕುಮಿ ಒಬ್ಬ ತೋಫು ಅಂಗಡಿಯವನ ಮಗ. ಸೋಯಾ ಹಾಲು ಒಡೆಸಿ ಮಾಡುವ ಆ ಮೆತ್ತನೆಯ ಗಟ್ಟಿಯನ್ನು ಬೆಳಗಿನ ಜಾವ ಘಾಟಿ ಹತ್ತಿಸಿ ಹೋಟೆಲುಗಳಿಗೆ ಮುಟ್ಟಿಸುವುದು ಅವನ ಪಾಡು. ತೋಫು ಒಡೆಯಬಾರದೆಂದು ಅಪ್ಪ ಗಾಡಿಯೊಳಗೆ ಒಂದು ಲೋಟ ನೀರು ಇಟ್ಟು ಕಳಿಸುತ್ತಾನೆ. ನೀರು ತುಳುಕದಂತೆ ತಿರುವು ದಾಟುತ್ತ ದಾಟುತ್ತ ಹುಡುಗ ಸುಲಭಕ್ಕೆ ಯಾರಿಗೂ ಸೋಲದ ಚಾಲಕನಾಗುತ್ತಾನೆ. ಗಾಡಿಯೋ, 1983ರಿಂದ 1987ರವರೆಗೆ ತಯಾರಾದ ಟೊಯೊಟಾ ಸ್ಪ್ರಿಂಟರ್ ಟ್ರುಯೆನೊ, ಬರೇ 1600 ಸಿಸಿಯದು. ಕಥೆ ಓದಿದವರು ಹುಡುಕಿಕೊಂಡು ಹೊರಟದ್ದೇ ತಡ, ಹಳೆಯ ಗಾಡಿಗೆ ಹೊಸ ಗಾಡಿಯನ್ನು ಮೀರಿಸುವ ರೇಟು ಬಂತು. ನನಗೆ ಅದರಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಬಾಗಿಲ ಮೇಲಿನ ಬರಹ. ಫುಜಿವಾರಾ ತೋಫು ಅಂಗಡಿ ಎಂದು ಬರೆದು, ಪಕ್ಕದಲ್ಲಿ ‘ಸ್ವಂತ ಉಪಯೋಗಕ್ಕೆ’ ಎಂದು ಸೇರಿಸಿದ್ದಾರೆ. ವೈಟ್ ಬೋರ್ಡಿನ ಓಮ್ನಿಯಲ್ಲಿ ಬಾಡಿಗೆ ಹೊಡೆದ ನಮ್ಮವರಿಗೆ ಆ ಎರಡು ಶಬ್ದಗಳ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಮಾದರಿಯ ಟ್ರುಯೆನೊ ಹುಟ್ಟಿದ ಮರುವರ್ಷ, 1984ರಲ್ಲಿ, ಸುಜುಕಿಯ ಕ್ಯಾರಿ ಎಂಬ ಪುಟ್ಟ ವ್ಯಾನು ನಮ್ಮ ದೇಶದಲ್ಲಿ ಮಾರುತಿ ವ್ಯಾನ್ ಆಯಿತು, ಮುಂದೆ ಓಮ್ನಿಯಾಯಿತು. 796 ಸಿಸಿ, ಮೂರು ಸಿಲಿಂಡರ್, ಸೀಟಿನಡಿಯಲ್ಲಿ ಇಂಜಿನ್. ಬೇಸಗೆಯಲ್ಲಿ ಕೂತವರಿಗೆ ಅಡಿಯಿಂದ ಶೆಕೆ, ಮಳೆಗಾಲದಲ್ಲಿ ಅದೇ ಹದವಾದ ಬಿಸಿ. ಕರಾವಳಿಗೆ ಇದಕ್ಕಿಂತ ಒಪ್ಪುವ ಗಾಡಿಯನ್ನು ಹಮಾಮಾತ್ಸುವಿನಲ್ಲಿ ಕೂತು ಮಾಡಿದರಲ್ಲ ಎಂಬುದೇ ಸೋಜಿಗ. ತಕುಮಿ ಸಾಗಿಸಿದ್ದು ತೋಫು ಒಂದನ್ನೇ. ಓಮ್ನಿ ಏನನ್ನು ಸಾಗಿಸಲಿಲ್ಲ? ಗಂಗೊಳ್ಳಿಯ ಬಂಗುಡೆ, ಅಡುಗೆ ಭಟ್ಟರ ಕಡಾಯಿ, ಮದುವೆ ದಿಬ್ಬಣ, ಶಾಲೆ ಮಕ್ಕಳು, ಮಣಿಪಾಲಕ್ಕೆ ರೋಗಿ, ಮಣಿಪಾಲದಿಂದ ಬಾಣಂತಿ. ಮಂದಾರ್ತಿ ಯಕ್ಷಗಾನ ಮೇಳದ ಹರಕೆ ಆಟಕ್ಕೆ ಹೊರಟರೆ ಅದರ ಸೀಟಿನ ಲೆಕ್ಕ ಆರ್‌ಟಿಒ ಪುಸ್ತಕದ ಲೆಕ್ಕವಲ್ಲ, ಮನೆಯಲ್ಲಿ ಎಷ್ಟು ಜನ ಎಚ್ಚರವಿದ್ದಾರೆ ಎಂಬ ಲೆಕ್ಕ. ಬಾಳೆಬರೆ ಘಾಟಿಯಲ್ಲಿ ತುಂಬಿದ ಓಮ್ನಿ ಮೊದಲ ಗೇರಿನಲ್ಲಿ ಏದುಸಿರು ಬಿಡುತ್ತ ಹತ್ತುವುದೂ, ಒಳಗಿದ್ದವರೆಲ್ಲ ಅದಕ್ಕೆ ಸಹಾಯವಾಗಲೆಂದು ಮುಂದಕ್ಕೆ ಬಾಗಿ ಕೂರುವುದೂ ಯಾವ ಚಿತ್ರಕಥೆಗೂ ಕಡಿಮೆಯದಲ್ಲ. ತಕುಮಿಯ ಲೋಟದ ನೀರಿಗೆ ಸಮನಾದದ್ದು ನಮ್ಮಲ್ಲಿ ಅಜ್ಜಿಯ ತೊಡೆಯ ಮೇಲಿದ್ದ ಪಾಯಸದ ತೂಕುಪಾತ್ರೆ.

“ಹ್ವಾಯ್, ಓಮ್ನಿ ಕಾಂಬುಕೆ ದುಡ್ ಕೊಟ್ ಹೋಯ್ಕಾ?” ಎಂಬ ಪ್ರಶ್ನೆ ಮೊದಲು ಬರುತ್ತದೆ, ಬರಲೇಬೇಕು. ಅಂಗಳದಲ್ಲಿ ಕೋಳಿ ಹಿಕ್ಕೆ ಹಾಕಿಸಿಕೊಂಡು ನಿಂತದ್ದಕ್ಕೆ ಟಿಕೇಟು ಯಾಕೆ? ಆದರೆ ದುಡಿಯುತ್ತಿರುವಷ್ಟು ದಿನ ಯಾವ ವಸ್ತುವೂ ಕಣ್ಣಿಗೆ ಬೀಳುವುದಿಲ್ಲ. ಅಕ್ಕಿ ಅರೆದ ಕಡೆಯುವ ಕಲ್ಲು ಮಿಕ್ಸಿ ಬಂದ ಮೇಲೆ ರೆಸಾರ್ಟಿನ ತೋಟ ಸೇರಿತು. ಉಪ್ಪಿನಕಾಯಿಯ ಭರಣಿ ಶೋಕೇಸು ಹತ್ತಿತು. ಕಲಗಚ್ಚು ತುಂಬುತ್ತಿದ್ದ ಮರಿಗೆಯಲ್ಲಿ ಈಗ ಹೋಟೆಲಿನವರು ನೀರು ತುಂಬಿ ಗುಲಾಬಿ ಎಸಳು ತೇಲಿಬಿಡುತ್ತಾರೆ. ಓಮ್ನಿಯ ತಯಾರಿ 2019ರಲ್ಲಿ ನಿಂತಿತು. ಸರದಿ ಬಂದಿದೆ ಅಷ್ಟೇ. ಅದು ಅಪಾಯದ ಗಾಡಿ, ಹೊಸ ಸುರಕ್ಷತಾ ನಿಯಮಗಳಿಗೆ ಹೊಂದದೆ ಹೋದದ್ದು ಎನ್ನುವವರ ಮಾತನ್ನೂ ನಾನು ಅಲ್ಲಗಳೆಯುವುದಿಲ್ಲ. ಚಾಲಕನ ಮೊಣಕಾಲಿಗೂ ಎದುರಿನ ಲಾರಿಗೂ ನಡುವೆ ಒಂದು ತಗಡು, ಅದರ ಮೇಲೊಂದು ದೇವರ ಸ್ಟಿಕ್ಕರು. ಅದಕ್ಕಾಗಿಯೇ ಹೇಳುವುದು, ರಸ್ತೆಗಿಂತ ಅದಕ್ಕೆ ಕೆಫೆಯೇ ಕ್ಷೇಮ. ನಿಂತ ಗಾಡಿಯಲ್ಲಿ ಕೂತು ಬನ್ಸ್ ತಿಂದವರಿಗೆ ಆಗುವ ಅಪಘಾತ ಹೊಟ್ಟೆಗೆ ಸಂಬಂಧಿಸಿದ್ದು. ಸಿನಿಮಾದಲ್ಲಿ ನಾಯಕಿಯನ್ನು ಅಪಹರಿಸಲು ಓಮ್ನಿಯೇ ಬರುತ್ತಿತ್ತೆಂಬ ಕೆಟ್ಟ ಹೆಸರಿದೆಯಲ್ಲ, ಅದನ್ನು ಗಾಡಿಯ ಮೇಲೆ ಹೊರಿಸುವುದು ಅನ್ಯಾಯ. ಜಾರುವ ಬಾಗಿಲು ಚಲಿಸುವಾಗಲೂ ತೆರೆಯುತ್ತದೆ ಎಂಬ ಗುಣವನ್ನು ನಮಗಿಂತ ಮೊದಲು ಖಳನಾಯಕರು ಗುರುತಿಸಿದರು, ಅಷ್ಟೆ.

ಇದಕ್ಕಿಂತ ಭಾರವಾದ ಆಕ್ಷೇಪ ಹೋಟೆಲು ಬಲ್ಲವರದ್ದು. ಕೆಫೆಯೆಂದರೆ ಒಂದು ಕಾಫಿಗೆ ಎರಡು ಗಂಟೆ ಕೂರುವ ಜಾಗ. ನಮ್ಮ ಕಡೆಯವರು ನಾಡಿಗೆಲ್ಲ ಕಲಿಸಿದ್ದು ಅದರ ತದ್ವಿರುದ್ಧ. ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿನಲ್ಲಿ 1924ರಲ್ಲಿ ಶುರುಮಾಡಿದ್ದು ಎಂಟಿಆರ್ ಆಯಿತು. ಸಾಲಿಗ್ರಾಮದ ಕಡೆಯ ಉರಾಳರು 1943ರಲ್ಲಿ ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ತೆರೆದರು. ಈ ಪರಂಪರೆಯಲ್ಲಿ ಕುರ್ಚಿಯ ಹಿಂದೆ ಇನ್ನೊಬ್ಬ ಗಿರಾಕಿ ನಿಂತು ನಿಮ್ಮ ಕೊನೆಯ ತುತ್ತನ್ನು ಎಣಿಸುತ್ತಿರುತ್ತಾನೆ. ಕಾರಿನ ಚಿತ್ರ ನೋಡುತ್ತ ಕೂತವನಿಗೆ ಮಾಣಿ ಬಂದು ಮೇಜು ಒರೆಸುವ ನೆಪದಲ್ಲಿ ಮೊಣಕೈ ಎತ್ತಿಸುತ್ತಾನೆ. ಒಪ್ಪಿದೆ. ಆದರೆ ಜಪಾನಿ ಕಾರಿನ ಪ್ರಾಣವೇ ಈ ತುರ್ತಿನಲ್ಲಿದೆ ಎಂಬುದನ್ನು ಆಕ್ಷೇಪಿಸುವವರು ಮರೆತಿದ್ದಾರೆ. ಟೊಯೊಟಾದ ತೈಚಿ ಓನೊ ಕಾರ್ಖಾನೆಗೆ ತಂದ ಹೆಸರಾಂತ ಪದ್ಧತಿಯ ಸಾರ ಇಷ್ಟೇ: ಬೇಕಾದದ್ದು, ಬೇಕಾದಷ್ಟು, ಬೇಕಾದ ಹೊತ್ತಿಗೆ, ಗೋದಾಮಿನಲ್ಲಿ ಕೂಡಿಡುವ ಹಾಗಿಲ್ಲ. ದೋಸೆ ಕಾವಲಿಯ ಮುಂದೆ ನಿಂತವನಿಗೆ ಇದನ್ನು ಹೇಳಿದರೆ, ದೋಸೆಯನ್ನು ಯಾರಾದರೂ ಗೋದಾಮಿನಲ್ಲಿ ಇಡುತ್ತಾರೆಯೇ ಎಂದು ಕೇಳಿಯಾನು. ಎಡತೋಳಿನ ಮೇಲೆ ತಟ್ಟೆಗಳ ಗೋಪುರ ಕಟ್ಟಿಕೊಂಡು ಮೇಜುಗಳ ಸಂದಿನಲ್ಲಿ ತಿರುಗುವ ಮಾಣಿಯೂ ಘಾಟಿಯ ಚಾಲಕನೇ. ಒಂದು ಲೋಟ ನೀರು ತುಳುಕಿಸದ ಹುಡುಗನಿಗಾಗಿ ಹದಿನೆಂಟು ವರ್ಷ ಕಥೆ ಬರೆದರು. ಚಟ್ನಿ ತುಳುಕಿಸದ ಇವನಿಗೆ ನಾವು ಟಿಪ್ಸ್ ಕೊಡುವಾಗಲೂ ಚಿಲ್ಲರೆ ಹುಡುಕುತ್ತೇವೆ. ನಮ್ಮ ಕೆಫೆಯಲ್ಲಿ ಬಡಿಸುವ ವೇಗವೇ ಕಾರಿನ ಪ್ರದರ್ಶನವಾಗಲಿ, ಗಿರಾಕಿ ಬೇಗ ಏಳಲಿ. ಚಿಕನ್ ಘೀ ರೋಸ್ಟ್ ಬೇಕೆನ್ನುವವರಿಗೆ ಮಾತ್ರ ಸ್ವಲ್ಪ ರಿಯಾಯಿತಿ. ಕುಂದಾಪುರದಲ್ಲಿ ಹುಟ್ಟಿದ ಪದಾರ್ಥಕ್ಕೆ ಕುಂದಾಪುರದಲ್ಲಿ ಅವಸರಿಸಬಾರದು.

ಉಳಿದದ್ದು, ಯಂತ್ರದ ಬಗ್ಗೆ ಹೀಗೆ ತಲೆಕೆಡಿಸಿಕೊಳ್ಳುವ ರಸಿಕರು ನಮ್ಮಲ್ಲಿ ಇಲ್ಲ ಎಂಬ ಮಾತು. ಇದಕ್ಕೆ ಹೆಚ್ಚು ಉತ್ತರ ಬೇಡ. ಹಾರನ್ ಕೇಳಿಯೇ ಯಾವ ಬಸ್ಸು, ಡ್ರೈವರ್ ಯಾರು, ಎಷ್ಟು ನಿಮಿಷ ಲೇಟು ಎಂದು ಹೇಳುವ ಮಕ್ಕಳ ಊರಿದು. ಭಾಗವತರು ಯಾವ ಪದ್ಯಕ್ಕೆ ಯಾವ ರಾಗ ಬದಲಿಸಿದರು ಎಂದು ಬೆಳಿಗ್ಗೆ ಚಾ ಅಂಗಡಿಯಲ್ಲಿ ಜಗಳವಾಡುವವರಿಗೆ ಕಾರ್ಬ್ಯುರೇಟರ್ ಓಮ್ನಿಗೂ ಆಮೇಲಿನ ಎಂಪಿಎಫ್‌ಐ ಓಮ್ನಿಗೂ ಇರುವ ಸ್ವರಭೇದ ತಿಳಿಯಲು ಎಷ್ಟು ಹೊತ್ತು? ರಸಿಕರಿಗೆ ಕೊರತೆಯಿಲ್ಲ, ಕೊರತೆಯಾಗುತ್ತಿರುವುದು ಓಮ್ನಿಗೆ. ಆದ್ದರಿಂದ ಅಂಗಳದ ಮೂಲೆಯಲ್ಲಿ, ಮಡಲಿನಡಿಯಲ್ಲಿ, ಗಾಳಿ ಹೋದ ಚಕ್ರಗಳ ಮೇಲೆ ಒಂದು ಓಮ್ನಿ ಕುಳಿತಿದ್ದರೆ, ಗುಜರಿಯವನು ಬಂದು ಕಿಲೋ ಲೆಕ್ಕ ಹೇಳುವಾಗ ದಯವಿಟ್ಟು ಅವಸರಪಡಬೇಡಿ. ಮನೆಯಲ್ಲಿ ಯಜಮಾನರಿಲ್ಲ, ಸೋಣೆ ತಿಂಗಳು ಕಳೆದು ಬಾ ಎನ್ನಿ.