ಟು-ಲೆಟ್ ಮೀಮಾಂಸೆ

ಮದುವೆಯಾಗದ, ಕೆಲಸವೂ ಇಲ್ಲದ ಒಬ್ಬ ಜೀವಿ ಒಂದು ಬ್ಯಾಗು, ಒಂದು ಚಾಪೆ, ಮಾರ್ಕ್ಸ್ ಕಾರ್ಡುಗಳ ಒಂದು ಫೈಲು ಹಿಡಿದು ನಸುಕಿನಲ್ಲಿ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದರೆ, ಅವನಿಗೆ ಬೆಂಗಳೂರಿನಲ್ಲಿ ಅಸ್ತಿತ್ವ ಉಂಟೋ ಇಲ್ಲವೋ? ಇದು ಸಂಶಯ. ಉಂಟು ಎನ್ನುವುದು ಪೂರ್ವಪಕ್ಷ. ಮೂವರು ಆಟೋದವರು ಸುತ್ತುವರಿದು ಅವನಿಗೆ ದರ ಹೇಳುತ್ತಿದ್ದಾರೆ. ಇಲ್ಲದವನಿಗೆ ಯಾರಾದರೂ ದರ ಹೇಳುತ್ತಾರೆಯೇ ಎಂಬುದು ಅವರ ವಾದ. ಇಲ್ಲ ಎನ್ನುವುದು ಮನೆ ಓನರುಗಳ ಸಿದ್ಧಾಂತ. ಇವೆರಡನ್ನೂ ತೂಗಿ ನೋಡುವುದೇ ಈ ಪ್ರಬಂಧದ ಪ್ರಯೋಜನ. ಇದನ್ನು ಓದುವ ಅಧಿಕಾರಿ ಯಾರೆಂದರೆ, ಸಂಜೆ ಹೊತ್ತು ಅಡ್ಡರಸ್ತೆಗಳಲ್ಲಿ ಗೇಟಿನ ಬೋರ್ಡು ಓದುತ್ತ ನಡೆದವನು. ಉಳಿದವರು ಓದಿದರೆ ಅಡ್ಡಿಯಿಲ್ಲ, ಅರ್ಥವಾಗುವುದಿಲ್ಲ ಅಷ್ಟೆ.

ಮೊದಲು ಕೆಲಸವಿಲ್ಲದಿರುವುದರ ಸ್ವರೂಪ. ವೈಶೇಷಿಕರು ಇಲ್ಲದಿರುವಿಕೆಯನ್ನೂ ಏಳನೆಯ ಪದಾರ್ಥವೆಂದು ಲೆಕ್ಕಕ್ಕೆ ಹಿಡಿದು ಅದನ್ನು ನಾಲ್ಕಾಗಿ ಒಡೆದರು. ಮಡಕೆ ಹುಟ್ಟುವ ಮೊದಲು ಇಲ್ಲದಿರುವುದು ಪ್ರಾಗಭಾವ. ಒಡೆದ ಮೇಲೆ ಇಲ್ಲದಿರುವುದು ಪ್ರಧ್ವಂಸಾಭಾವ. ಎಂದೆಂದೂ ಇಲ್ಲದಿರುವುದು ಅತ್ಯಂತಾಭಾವ. ಮಡಕೆ ಬಟ್ಟೆಯಲ್ಲ ಎನ್ನುವುದು ಅನ್ಯೋನ್ಯಾಭಾವ. ಮಡಕೆಯ ಜಾಗದಲ್ಲಿ ಕೆಲಸವನ್ನಿಟ್ಟು ನೋಡಿ. ಈಗಷ್ಟೇ ಡಿಗ್ರಿ ಮುಗಿಸಿದವನದು ಪ್ರಾಗಭಾವ. ಅದಕ್ಕೆ ಆದಿಯಿಲ್ಲ, ಅಂತ್ಯ ಮಾತ್ರ ಉಂಟು ಎಂದು ಶಾಸ್ತ್ರವೇ ಧೈರ್ಯ ಹೇಳುತ್ತದೆ. ಕಂಪನಿಯಿಂದ ಲೇಆಫ್ ಆದವನದು ಪ್ರಧ್ವಂಸಾಭಾವ. ಅದಕ್ಕೆ ಆದಿಯುಂಟು, ಅಂತ್ಯವಿಲ್ಲ. (ಲೇಆಫ್ ಆದವರು ಈ ವಾಕ್ಯ ಬಿಟ್ಟು ಮುಂದೆ ಹೋಗಬಹುದು.) ಸಂಬಳವಿಲ್ಲದ ಇಂಟರ್ನ್‌ಶಿಪ್ ಅನ್ಯೋನ್ಯಾಭಾವಕ್ಕೆ ಉದಾಹರಣೆ. ಇನ್ನು ಸರ್ಕಾರಿ ಕೆಲಸವೇ ಬೇಕೆಂದು ವಿಜಯನಗರದಲ್ಲಿ ಕೆಎಎಸ್ ಕೋಚಿಂಗಿಗೆ ಕೂತವನದು ಪ್ರಾಗಭಾವವೋ ಅತ್ಯಂತಾಭಾವವೋ ಎಂಬಲ್ಲಿ ಭಾಷ್ಯಕಾರರಿಗೆ ಒಮ್ಮತವಿಲ್ಲ. ಅಪ್ಪ ಎರಡನೆಯದನ್ನು ಹಿಡಿಯುತ್ತಾರೆ, ಅಮ್ಮ ಮೊದಲನೆಯದನ್ನು.

ಇಷ್ಟು ಸೂಕ್ಷ್ಮ ಓನರ್ ಆಂಟಿಗೆ ಬೇಕಿಲ್ಲ. ಅವರ ಪರೀಕ್ಷಾ ವಿಧಾನ ನೇರ.

“ಏನ್ ಕೆಲ್ಸ ಮಾಡ್ತೀರಾ?”

“ಹುಡುಕ್ತಾ ಇದೀನಿ ಆಂಟಿ.”

“ಫ್ಯಾಮಿಲಿ?”

“ಊರಲ್ಲಿದಾರೆ. ಅಪ್ಪ, ಅಮ್ಮ, ತಂಗಿ.”

“ಅದಲ್ಲಪ್ಪ, ನಿಮ್ ಫ್ಯಾಮಿಲಿ.”

ಹುಟ್ಟಿದಾಗಿನಿಂದ ತನ್ನದೆಂದುಕೊಂಡಿದ್ದ ಕುಟುಂಬ ಲೆಕ್ಕಕ್ಕಿಲ್ಲ, ಇನ್ನೂ ಒದಗದ ಕುಟುಂಬಕ್ಕೇ ಮನೆ ಎಂಬ ಜ್ಞಾನ ಜಿಜ್ಞಾಸುವಿಗೆ ಗೇಟಿನ ಹೊರಗೇ ಆಗುತ್ತದೆ. ಆಮೇಲೆ “ಮನೆ ಈಗಷ್ಟೇ ಹೋಯ್ತಲ್ಲಪ್ಪ” ಎಂಬ ಮಹಾವಾಕ್ಯ. ಬೋರ್ಡು ಅವರ ತಲೆಯ ಮೇಲೇ ತೂಗುತ್ತಿರುತ್ತದೆ. ಇಲ್ಲಿ ಪ್ರತ್ಯಕ್ಷಕ್ಕಿಂತ ಶಬ್ದವೇ ಬಲವಾದ ಪ್ರಮಾಣ.

ಶ್ರುತಿ ಏನನ್ನುತ್ತದೆ ಎಂದು ಕೇಳುವವರುಂಟು. ದೇಶದ ಯಾವ ಭಾಗದಲ್ಲಾದರೂ ವಾಸಿಸುವ, ನೆಲೆಸುವ ಹಕ್ಕು ನಾಗರಿಕರಿಗುಂಟು ಎಂದು ಸಂವಿಧಾನದ 19(1)(ಇ) ವಿಧಿ ಹೇಳುತ್ತದೆ. ಕೆಲಸವಿರಬೇಕು, ಹೆಂಡತಿಯಿರಬೇಕು ಎಂದು ಅಲ್ಲಿ ಬರೆದಿಲ್ಲ. ಗೇಟಿನ ಮೇಲಿನ ಸ್ಮೃತಿಯಾದರೋ ‘ವೆಜ್ ಫ್ಯಾಮಿಲಿಗೆ ಮಾತ್ರ’ ಎನ್ನುತ್ತದೆ. ಶ್ರುತಿಗೂ ಸ್ಮೃತಿಗೂ ವಿರೋಧ ಬಂದರೆ ಶ್ರುತಿಯೇ ಪ್ರಮಾಣ ಎಂಬುದು ಮೀಮಾಂಸಕರ ಕಟ್ಟುನಿಟ್ಟು. ಆ ಮಾತು ಸರ್ಕಾರಕ್ಕೆ ಹೇಳಿದ್ದು, ನಮಗಲ್ಲ ಎಂಬುದು ಓನರುಗಳ ವ್ಯಾಖ್ಯಾನ. ಕೀಲಿ ಯಾರ ಕೈಯಲ್ಲಿದೆಯೋ ವ್ಯಾಖ್ಯಾನವೂ ಅವರದೇ.

ಧರ್ಮ ಬಿಟ್ಟು ಅರ್ಥಕ್ಕೆ ಬರೋಣ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವುದು ಬೆಂಗಳೂರಿನ ಹಳೆಯ ಆಚಾರ. ಈಚೆಗೆ ಐದಾರಕ್ಕೆ ಇಳಿದ ಸುಧಾರಕರೂ ಇದ್ದಾರೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದು ಎಂದು ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆ ಮಾಡಿತು. ಮಾದರಿ ಎಂದ ಮೇಲೆ ಮುಗಿಯಿತು. ನಮ್ಮಲ್ಲಿ ಮಾದರಿ ವಿದ್ಯಾರ್ಥಿ, ಮಾದರಿ ಗ್ರಾಮ ಎಲ್ಲವೂ ನೋಡಿ ಸಂತೋಷಪಡಲಿಕ್ಕೆ ಇರುವವು. ಇನ್ನೊಂದು ಕಡೆ, ಪಾಸಾಗಿ 180 ದಿನವಾದರೂ ಕೆಲಸ ಸಿಗದ ಪದವೀಧರನಿಗೆ ರಾಜ್ಯದ ಯುವನಿಧಿ ತಿಂಗಳಿಗೆ ₹3,000 ಕೊಡುತ್ತದೆ, ಹೆಚ್ಚೆಂದರೆ ಎರಡು ವರ್ಷ. ಕೆಲಸವಿಲ್ಲ ಎಂದು ಅವನು ತಾನೇ ಘೋಷಿಸಿಕೊಳ್ಳುತ್ತಿರಬೇಕು. ಅಂದರೆ ಅಭಾವವೂ ಪದಾರ್ಥ ಎಂಬ ವೈಶೇಷಿಕ ಮತವನ್ನು ಸರ್ಕಾರ ಒಪ್ಪಿಕೊಂಡಿತು. ಎರಡು ವರ್ಷದ್ದು ಕೂಡಿದರೆ ₹72,000. ಎಂಟು ಸಾವಿರದ ಒಂದು ರೂಮಿಗೆ ಹತ್ತು ತಿಂಗಳ ಅಡ್ವಾನ್ಸ್ ₹80,000. ಎರಡು ವರ್ಷ ಊಟ ತಿಂಡಿ ಬಿಟ್ಟು ಕೂಡಿಟ್ಟರೂ ಎಂಟು ಸಾವಿರ ಕಮ್ಮಿ ಬೀಳುತ್ತದೆ.

ಹೇಗೋ ಹೊಂದಿಸಿದ ಎಂದಿಟ್ಟುಕೊಳ್ಳಿ. ಆಗ ಕರಾರು ಪತ್ರ. ಅದರಲ್ಲಿ ವರ್ಷಕ್ಕೆ ಹನ್ನೊಂದೇ ತಿಂಗಳು. ಒಂದು ವರ್ಷಕ್ಕೆ ಮೀರಿದ ಗೇಣಿಯನ್ನು ನೋಂದಾಯಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ, ಆ ಗೊಡವೆಯೇ ಬೇಡವೆಂದು ಹನ್ನೆರಡನೆಯ ತಿಂಗಳನ್ನು ಕ್ಷಯಮಾಸ ಮಾಡಿದ್ದಾರೆ. ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರಲ್ಲ, ಆ ಕ್ಷಯಮಾಸ ಹೋಗಿ ಸೇರುವುದು ಅಲ್ಲಿಗೇ ಎಂಬುದು ನನ್ನ ಊಹೆ.

ಇಡೀ ಶಾಸ್ತ್ರದ ಕಗ್ಗಂಟು ಅನ್ಯೋನ್ಯಾಶ್ರಯ ದೋಷ. ಇಂಟರ್ವ್ಯೂಗೆ ಕರೆಯುವವರು “ಬೆಂಗಳೂರಲ್ಲೇ ಇದೀರಾ, ಎಲ್ಲಿ?” ಎನ್ನುತ್ತಾರೆ. ಮನೆ ಕೊಡುವವರು “ಕಂಪನಿ ಐಡಿ ತೋರ್ಸಿ” ಎನ್ನುತ್ತಾರೆ. ಮನೆಯಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಮನೆಯಿಲ್ಲ. ತರ್ಕ ಇಲ್ಲಿ ಕೈಚೆಲ್ಲುತ್ತದೆ. ಕೈ ಹಿಡಿಯುವುದು ಲಗ್ಗೆರೆಯಲ್ಲೋ ಸುಂಕದಕಟ್ಟೆಯಲ್ಲೋ ಇರುವ ಊರ ಕಡೆಯ ಅಣ್ಣನ ರೂಮು. ಇಬ್ಬರಿಗೆಂದು ಕೊಟ್ಟ ಆ ರೂಮಿನಲ್ಲಿ ಆಗಲೇ ನಾಲ್ವರಿರುತ್ತಾರೆ. “ನಮ್ ಚಿಕ್ಕಪ್ಪನ್ ಮಗ ಸರ್, ಎರಡು ದಿನಕ್ಕೆ ಬಂದಿದಾನೆ” ಎಂದು ಓನರಿಗೆ ಪರಿಚಯವಾಗುತ್ತದೆ. ಎಲ್ಲರೂ ಚಿಕ್ಕಪ್ಪನ ಮಕ್ಕಳೇ. ಇಷ್ಟೊಂದು ಸಂತಾನವಿರುವ ಆ ಚಿಕ್ಕಪ್ಪನನ್ನು ಯಾರೂ ನೋಡಿಲ್ಲ. ಎರಡು ದಿನವೆಂಬುದು ಬ್ರಹ್ಮನ ದಿನಮಾನದ ಲೆಕ್ಕದಲ್ಲಿ.

ಓನರೂ ತಾರ್ಕಿಕನೇ. ಹೊಗೆಯಿರುವಲ್ಲಿ ಬೆಂಕಿ ಎಂಬಂತೆ, ಚಪ್ಪಲಿಯಿರುವಲ್ಲಿ ಹುಡುಗ ಎಂದು ಬಾಗಿಲ ಮುಂದೆ ನಿಂತು ಅನುಮಾನ ಪ್ರಮಾಣ ಹೂಡುತ್ತಾನೆ. ಬಲ್ಲವರು ಚಪ್ಪಲಿಯನ್ನು ಮಂಚದಡಿ ಇಡುತ್ತಾರೆ. ಆದರೆ ಟ್ಯಾಂಕಿನ ನೀರು ಬೆಳಿಗ್ಗೆ ಎಂಟಕ್ಕೇ ಖಾಲಿಯಾಗುವುದನ್ನು ಯಾವ ಮಂಚದಡಿ ಇಡುವುದು?

ಹೆಣ್ಣುಮಕ್ಕಳ ವಿಷಯಕ್ಕೆ ಬೇರೆ ಗ್ರಂಥವೇ ಬೇಕು. ಅವಳಿಗೆ ಕೆಲಸವಿಲ್ಲದಿರುವುದು ಕ್ಷಮ್ಯ. ಒಬ್ಬಳೇ ಬಂದದ್ದು ಅಲ್ಲ. “ಅಪ್ಪಾಜಿ ನಂಬರ್ ಕೊಡಮ್ಮ” ಎನ್ನುವುದೇ ಮೊದಲ ಪ್ರಶ್ನೆ. ಶಕ್ತಿ ಯೋಜನೆಯ ಬಸ್ಸು 2023ರ ಜೂನ್ 11ರಿಂದ ಅವಳನ್ನು ದುಡ್ಡಿಲ್ಲದೆ ಕರೆತರುತ್ತದೆ ನಿಜ. ಟ್ರಾಫಿಕ್ಕಿನಲ್ಲಿ ಸಿಕ್ಕಿ ಹತ್ತೂಕಾಲಿಗೆ ಇಳಿಸಿದರೆ ಹತ್ತಕ್ಕೇ ಬೀಗ ಹಾಕಿದ ಪಿಜಿಯ ಗೇಟು ಮುಂದೆ. ಇದನ್ನು ಸುರಕ್ಷತೆ ಎನ್ನುತ್ತಾರೆ. ರಸ್ತೆಯಲ್ಲಿ ನಿಂತ ಅವಳ ಮಟ್ಟಿಗೆ ಅದರ ಅರ್ಥವನ್ನು ಯಾವ ಭಾಷ್ಯಕಾರನೂ ಬಿಡಿಸಿಲ್ಲ.

ಈಗ ತೀರ್ಮಾನ. ಓನರುಗಳ ಸಿದ್ಧಾಂತ ನಿಲ್ಲುವುದಿಲ್ಲ. ವಿಜಯನಗರ, ಅತ್ತಿಗುಪ್ಪೆಗಳ ಕೋಚಿಂಗ್ ಸೆಂಟರು, ಪಿಜಿ, ಜೆರಾಕ್ಸ್ ಅಂಗಡಿ, ಕುರ್ಚಿಯೊಂದಕ್ಕೆ ತಿಂಗಳಿಗಿಷ್ಟೆಂದು ಬಾಡಿಗೆ ಪಡೆಯುವ ಸ್ಟಡಿ ಹಾಲು, ಇವೆಲ್ಲ ನಡೆಯುತ್ತಿರುವುದು ಕೆಲಸವಿಲ್ಲದವರ ದುಡ್ಡಿನಲ್ಲಿ. ಇಲ್ಲದವನಿಂದ ಬಾಡಿಗೆ ವಸೂಲಾಗುವುದಿಲ್ಲ, ವಸೂಲಾಗುತ್ತಿದೆ, ಆದ್ದರಿಂದ ಅವನು ಇದ್ದಾನೆ. ಅವನ ಇರವನ್ನು ಸ್ಯಾಲರಿ ಸ್ಲಿಪ್ ಕೇಳದೆ ಒಪ್ಪಿದ್ದು 2017ರಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಇಟ್ಟ ಇಂದಿರಾ ಕ್ಯಾಂಟೀನು. ಅಲ್ಲಿ ಫ್ಯಾಮಿಲಿ ಎಲ್ಲಿ ಎಂದೂ ಕೇಳುವುದಿಲ್ಲ.

ಓನರುಗಳಲ್ಲಿ ಒಂದೇ ವಿನಂತಿ. ಬ್ಯಾಚುಲರ್‌ಗೆ ಕೊಡುವುದಿಲ್ಲ ಎಂದಾದರೆ ರಸ್ತೆಗೇ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಬರೆಸಿ. ಮೂರನೇ ಮಹಡಿ ಹತ್ತಿ ಬಂದ ಮೇಲೆ ಹೇಳಬೇಡಿ. ನಿಮ್ಮ ಬಿಲ್ಡಿಂಗಿಗೆ ಲಿಫ್ಟ್ ಇಲ್ಲ.