ಪೈಲ್ವಾನರ ಊಟ

ಚಿಕ್ಕೋಡಿ, ರಾಯಬಾಗದ ಕಡೆಯ ಗಂಡಸರು ಕುಳಿತಲ್ಲೇ ಪೈಲ್ವಾನರು. ಚಿಂಚಲಿ ಮಾಯಕ್ಕನ ಜಾತ್ರೆ ಹತ್ತಿರ ಬಂತೆಂದರೆ ಚಹಾದಂಗಡಿಯಲ್ಲೇ ಡಾವು ಹಾಕುತ್ತೇವೆ. ನಿಪ್ಪಾಣಿ ದಾಟಿದರೆ ಕೊಲ್ಲಾಪುರ; ಶಾಹೂ ಮಹಾರಾಜರು ಕಟ್ಟಿಸಿ 1912ರಲ್ಲಿ ಮುಗಿದ ಖಾಸಬಾಗ ಮೈದಾನ ಅಲ್ಲಿದೆ. ಹಾಗಾಗಿ ಕುಸ್ತಿ ನಮಗೆ ಗಾಳಿಯಲ್ಲೇ ಬರುತ್ತದೆ. ಊಟವೂ ಅದೇ ಲೆಕ್ಕದ್ದು: ಎಮ್ಮೆ ಹಾಲು, ರೊಟ್ಟಿ ಮೇಲೆ ಬೆಣ್ಣೆ, ಹೋಳಿಗೆ ಮುಳುಗುವಷ್ಟು ತುಪ್ಪ. ಸಾಮು ತೆಗೆಯುವುದೊಂದನ್ನು ಬಿಟ್ಟು ಹಿರಿಯರ ಸಂಪ್ರದಾಯವನ್ನೆಲ್ಲ ಪಾಲಿಸಿಕೊಂಡು ಬಂದಿದ್ದೇವೆ.

ಸಕ್ಕರೆ ಉಗಾರದ ಕಾರ್ಖಾನೆಯಲ್ಲಿದ್ದರೆ ಚೆಂದ, ರಕ್ತದಲ್ಲಿ ಬೇಡ ಎಂದು ಡಾಕ್ಟರರು ಹೇಳಿದ ಮೇಲೆ ನಾನೂ ಗರಡಿ ಮನೆಗೆ ಹೋದೆ. ಹೋಗುವ ಮುಂಚೆ, ಶಕ್ತಿ ಬೇಕಲ್ಲ ಎಂದು, ಅವಲಕ್ಕಿ ತಿಂದೆ.

"ಸಾವಕಾಶ ಮಾಡ್ರಿ ಸರ, ಮಣ್ಣು ಎಲ್ಲೂ ಓಡಿ ಹೋಗಂಗಿಲ್ಲ" ಎಂದರು ವಸ್ತಾದರು. ಪಕ್ಕದಲ್ಲಿ ಮೀಸೆ ಮೂಡದ ಹುಡುಗನೊಬ್ಬ ಸಲೀಸಾಗಿ ಬಸ್ಕಿ ಹೊಡೆಯುತ್ತಿದ್ದ. ಅವನೆದುರು ಸಾವಕಾಶ ಹೇಗೆ ಮಾಡುವುದು? ಸ್ವಲ್ಪದರಲ್ಲೇ ತೊಡೆ ನಡುಗಿದವು, ಕಿವಿ ಗುಂಯ್‌ಗುಟ್ಟಿತು, ಎದೆ ಹಲಗಿ ಬಡಿದಂತೆ ಬಡಿದುಕೊಂಡಿತು. ಬಾಯಲ್ಲಿ ನೀರೂರಿತು, ಊಟದ ಆಸೆಗಲ್ಲ. ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಹದ ಮಾಡಿದ ಆ ಕೆಂಪು ಮಣ್ಣಿನ ವಾಸನೆ ಹೊಟ್ಟೆಯನ್ನು ತಿರುವಿ ಹಾಕಿತು. ಹೊರಗಿನ ಬೇವಿನ ಮರದ ತನಕ ಓಡಿದೆ. ಆ ಓಟದಲ್ಲಿ ಮಾತ್ರ ನನ್ನನ್ನು ಯಾರೂ ಹಿಂದೆ ಹಾಕುವಂತಿರಲಿಲ್ಲ.

"ಏನ ತಿಂದಿದ್ರಿ?"

"ಏನಿಲ್ಲ, ಅವಲಕ್ಕಿ."

"ಎಲ್ಲಾ ಲೆಕ್ಕಾ ಇಲ್ಲೇ ಕೊಟ್ರಿ ಬಿಡ್ರಿ" ಎಂದವರು, ಕಟ್ಟೆಯ ಮೇಲೆ ಕೂರಲು ಹೊರಟವನನ್ನು ತಡೆದರು. "ಗಪ್ಪನ ಕುಂದರಬ್ಯಾಡ್ರಿ, ಅಡ್ಡಾಡ್ರಿ."

ವಸ್ತಾದರು ವೈದ್ಯಶಾಸ್ತ್ರ ಓದಿದವರಲ್ಲ, ಆದರೂ ಮಾತು ಖರೆ. ಮೈ ದುಡಿಯುವಾಗ ರಕ್ತವೆಲ್ಲ ತೊಡೆ, ತೋಳಿನ ಕಡೆ ಹರಿದು ಹೊಟ್ಟೆಗೆ ಕಡಿಮೆ ಬೀಳುತ್ತದೆ. ಅಲ್ಲಿ ಅವಲಕ್ಕಿ ಕಾಯುತ್ತ ಕೂತಿದ್ದರೆ ಅದಕ್ಕೆ ಸಿಟ್ಟು ಬಾರದಿದ್ದೀತೇ? ಅಡ್ಡಾಡದೆ ಒಮ್ಮೆಲೇ ನಿಂತುಬಿಟ್ಟರೆ ರಕ್ತ ಕಾಲಲ್ಲೇ ಉಳಿದು ತಲೆ ತಿರುಗುತ್ತದೆ. (ಎದೆ ನೋವು, ಕೈ ಸೆಳೆತ ಬಂದರೆ ವಸ್ತಾದರಲ್ಲ, ಆಸ್ಪತ್ರೆ.)

ಅಡ್ಡಾಡುತ್ತಿದ್ದಾಗ ಆ ಹುಡುಗ ನೀರಿನ ತಂಬಿಗೆ ತಂದುಕೊಟ್ಟು ಸಮಾಧಾನ ಮಾಡಿದ: "ಕಾಕಾ, ಮೈದಾನದಾಗ ಗೆದ್ದವರ ಹೆಸರು ಕೂಗಾಕ ಒಬ್ಬರು ಬೇಕಾಗ್ಯಾರ. ನೀವು ಅದನ್ನ ಮಾಡ್ರಿ."

ಅದಕ್ಕೂ ದಮ್ಮು ಬೇಕಪ್ಪ ಎನ್ನಬೇಕೆಂದುಕೊಂಡೆ. ಅನ್ನಲು ದಮ್ಮಿರಲಿಲ್ಲ.